ಕೂಸಿಗೆ ವರಸೆ ನೋಡಿದ್ದು

ನಾಯಿಯ ವಿಷಯದಲ್ಲಿ ನಮ್ಮ ಕಡೆಯ ಜನಕ್ಕೆ ಇರುವಷ್ಟು ಧೈರ್ಯ ಬೇರೆ ಯಾವ ವಿಷಯದಲ್ಲೂ ಇಲ್ಲ. ತಮಗೆ ನೆಗಡಿಯಾದರೆ ಡಾಕ್ಟರ ಹತ್ತಿರ ಓಡುತ್ತಾರೆ. ನಾಯಿಯ ಬಸುರು, ಬಾಣಂತನ, ಮರಿ, ಮದ್ದು ಎಂದರೆ ಮಾತ್ರ ಪ್ರತಿಯೊಬ್ಬರೂ ಪಂಡಿತರೇ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಇಡೀ ನೌಕರಿಯಲ್ಲಿ ಉತ್ತರಪತ್ರಿಕೆಗಳಲ್ಲಿ ಓದಿದ ಅವಿವೇಕವನ್ನೆಲ್ಲ ಒಟ್ಟು ಹಾಕಿದರೂ, ಕ್ಯಾತ್ಸಂದ್ರದ ನಮ್ಮ ಮನೆಯ ಗೇಟಿಗೆ ಒರಗಿ ನಿಂತು ಜನ ನಮ್ಮ ಕೂಸಿನ ಬಗ್ಗೆ ಆಡಿದ ಮಾತಿಗೆ ಸಮ ಬರುವುದಿಲ್ಲ.

ಕೂಸು ಅಂದರೆ ನಮ್ಮ ಹೆಣ್ಣು ನಾಯಿ. ಪಶ್ಮಿ ತಳಿ. ಮುಧೋಳದ ಬೇಟೆನಾಯಿಯ ಬಳಗವೇ. ಅದೇ ಉದ್ದ ಮೂತಿ, ಅದೇ ಒಳಗೆ ಸೆಳೆದುಕೊಂಡ ಹೊಟ್ಟೆ. ಆದರೆ ಇದರ ಕಿವಿಯ ಮೇಲೆ, ಕಾಲಿನ ಹಿಂದೆ, ಬಾಲದುದ್ದಕ್ಕೂ ನುಣುಪಾದ ಉದ್ದ ಕೂದಲು ಇಳಿಬಿದ್ದಿರುತ್ತದೆ. ಮುಧೋಳ ನಾಯಿಯ ಹೆಸರು ಈಗ ಎಲ್ಲರಿಗೂ ಗೊತ್ತು. ಈ ಕೂದಲಿನದು ಬೇಕು ಅಂದರೆ ಆ ಸೀಮೆಯವರೇ ಈಗೆಲ್ಲಿ ಸಿಗುತ್ತವೆ ಅನ್ನುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ವಿಚಾರಿಸಿದಾಗ ನನ್ನ ಕಣ್ಣಿಗೆ ಬಿದ್ದದ್ದು, ನಮ್ಮದನ್ನು ಬಿಟ್ಟರೆ, ಎರಡೇ ಎರಡು. ಎರಡೂ ಗಂಡು.

“ಏನ್ ಮೇಡಂ, ಊಟ ಹಾಕಲ್ವಾ ಇದಕ್ಕೆ? ಪಕ್ಕೆಲುಬು ಎಣಿಸಬೋದು!” ಇದು ದಿನಕ್ಕೊಬ್ಬರಾದರೂ ಕೇಳುವ ಪ್ರಶ್ನೆ. “ಇದು ಓಡೋಕೆ ಹುಟ್ಟಿರೋದು ಕಣ್ರೀ. ನಿಮ್ಮ ಎಲುಬು ಯಾಕೆ ಕಾಣಲ್ಲ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?” ಅನ್ನುತ್ತಿದ್ದೆ. ಇನ್ನೊಬ್ಬ ಮಹಾನುಭಾವ, ಕಪ್ಪು ಕನ್ನಡಕ ಹಾಕಿಕೊಂಡು ಬಂದವನು, “ಡಬಲ್ ಬೋನಾ ಆಂಟಿ?” ಎಂದ. ದಪ್ಪ ಕಾಲಿನ ನಾಯಿಗೆ ವ್ಯಾಪಾರದವರು ಇಟ್ಟಿರುವ ಹೆಸರಂತೆ ಅದು. “ಒಂದು ಜಾಗಕ್ಕೆ ಒಂದೇ ಬೋನು ಇರೋದಪ್ಪ. ಎರಡಿದ್ರೆ ಆಪರೇಷನ್ ಮಾಡಿಸ್ಬೇಕು,” ಎಂದೆ. ಅವನು ಹೌದಾ ಅಂತ ತಲೆ ಆಡಿಸಿಕೊಂಡು, ಗೇಟಿನ ಸಂದಿಯಿಂದಲೇ ಒಂದು ರೀಲ್ಸ್ ಮಾಡಿಕೊಂಡು ಹೋದ. ತಲೆ ಒಳಗೆ ಏನಾದರೂ ಇದ್ದಿದ್ದರೆ ಬೇಜಾರಾದರೂ ಮಾಡಿಕೊಳ್ಳುತ್ತಿದ್ದ.

ಕೂಸಿಗೆ ನಾಲ್ಕು ವರ್ಷ ತುಂಬುತ್ತಿತ್ತು. ಮರಿ ಮಾಡಿಸುವುದಾದರೆ ಈ ಸಲವೇ ಮಾಡಿಸಿ, ಮೊದಲ ಬಸುರಿಗೆ ಇನ್ನು ತಡವಾಗಬಾರದು, ಇಲ್ಲದಿದ್ದರೆ ಗರ್ಭಕೋಶ ತೆಗೆದುಬಿಡೋಣ ಎಂದರು ನಮ್ಮ ಪಶುವೈದ್ಯೆ. ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಕೈ ಚುರುಕು. ನಾನು ಯೋಚಿಸಿ ಒಂದೇ ಒಂದು ಸೂಲು ಎಂದು ತೀರ್ಮಾನ ಮಾಡಿದೆ. ಇಂಥ ತಳಿ ಕಣ್ಣೆದುರೇ ಕಾಣೆಯಾಗುತ್ತಿರುವಾಗ ನಾಲ್ಕೈದು ಗಟ್ಟಿ ಮರಿಗಳನ್ನಾದರೂ ಸರಿಯಾದ ಕೈಗಳಿಗೆ ಒಪ್ಪಿಸಬೇಕು ಎಂಬ ಆಸೆ. ಕೂಸಿನ ಹೃದಯ, ಕಣ್ಣು, ರಕ್ತ ಮೂರನ್ನೂ ಪರೀಕ್ಷೆ ಮಾಡಿಸಿದೆ. ಪಕ್ಕದ ಮನೆಯಾಕೆ ಬಾಯಿ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ ಶಿವನೇ, ನಾಯಿಗೂ ಇಸಿಜಿನಾ?” ಎಂದರು. ಅವರ ಮಗನ ಮದುವೆಯಲ್ಲಿ ಜಾತಕ ಒಂದನ್ನು ಬಿಟ್ಟು ಇನ್ನೇನನ್ನೂ ನೋಡಿರಲಿಲ್ಲ. ಆ ಮಾತನ್ನು ನಾಲಿಗೆ ತುದಿಯಲ್ಲೇ ತಡೆದುಕೊಂಡೆ. ಅಂಥ ಸಂಯಮ ನನಗೆ ಅಪರೂಪ.

ಆ ಎರಡು ಗಂಡುಗಳಲ್ಲಿ ಒಂದು ಗುಬ್ಬಿಯ ಕೊಬ್ಬರಿ ಮಂಡಿಯವರದು. ಕೂಸಿನ ತಾಯಿಯನ್ನೂ, ಅದರ ಜೊತೆ ಹುಟ್ಟಿದ ಆ ಗಂಡನ್ನೂ ಮುಧೋಳದ ಕಡೆಯಿಂದ ತಂದವರು ಅವರೇ. ಕೂಸನ್ನು ನಮಗೆ ಕೊಟ್ಟವರೂ ಅವರೇ. ತಾಯಿ ಆಮೇಲೆ ಬಹಳ ದಿನ ಉಳಿಯಲಿಲ್ಲ. ಗಂಡು ಉಳಿದಿತ್ತು. ಕರೀ ಬಣ್ಣ, ನೋಡಲು ಭರ್ಜರಿಯಾಗಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಕೂಸಿಗೆ ಗಂಡು ಹುಡುಕುತ್ತಿದ್ದೇನೆ ಎಂಬ ಸುದ್ದಿ ಸಂತೆಯಲ್ಲಿ ಕಿವಿಗೆ ಬಿದ್ದದ್ದೇ ತಡ, ಒಂದು ಭಾನುವಾರ ಬೆಳಿಗ್ಗೆ ಮಂಡಿಯವರು ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಎರಡು ಕೊಬ್ಬರಿ ಗಿಟುಕು ಇಟ್ಟುಕೊಂಡು ಬಂದರು.

“ಹೆಣ್ಣು ಕೇಳೋಕ್ ಬಂದೀವಿ ಮೇಡಂ,” ಎಂದು ನಗುತ್ತಾ ಕೂತರು. “ನಮ್ಮವ್ನೇ ಅವ್ನಲ್ಲ, ಆಚೆ ಯಾಕ್ ಹುಡುಕ್ತೀರಿ?”

“ಅದು ಇದರ ತಾಯಿ ಜೊತೆ ಹುಟ್ಟಿದ್ದು,” ಎಂದೆ.

“ಅದೇ ಮತ್ತೆ! ಸೋದ್ರಮಾವ ಆಗ್ಬೇಕು. ವರಸೆ ಸರಿಯಾಗೈತೆ. ಅಣ್ಣ ತಂಗಿ ಆಗಿದ್ರೆ ನಾನೇ ಬ್ಯಾಡ ಅಂತಿದ್ದೆ. ವಾವೆ ವರಸೆ ನೋಡ್ದಲೆ ನಾವ್ ಮಾಡೋರಾ?”

ನಾನು ನಗಬೇಕೋ ಅಳಬೇಕೋ ತಿಳಿಯದೆ ಅವರ ಮುಖ ನೋಡಿದೆ. ತಮಾಷೆಗಲ್ಲ, ಆ ಮನುಷ್ಯ ನಿಜವಾಗಿಯೂ ನಾಯಿಗಳಿಗೆ ವರಸೆ ನೋಡಿಕೊಂಡು ಬಂದಿದ್ದರು. ಚಿಕ್ಕಪ್ಪ ಆಗುವ ನಾಯಿ ಆಗದು, ಸೋದರಮಾವ ಆಗುವ ನಾಯಿ ಆದೀತು ಎಂಬುದು ಅವರ ಶಾಸ್ತ್ರ. ರಕ್ತ ಅಷ್ಟೇ ಹತ್ತಿರ, ಹೆಸರು ಮಾತ್ರ ಬೇರೆ, ಮನೆತನದೊಳಗೆ ಅಡಗಿರುವ ಒಂದೇ ದೋಷ ಎರಡೂ ಕಡೆಯಿಂದ ಬಂದು ಮರಿಯಲ್ಲಿ ಸೇರಿಕೊಂಡರೆ ಆಗ ಅದು ಹೊರಗೆ ಬರುತ್ತದೆ ಎಂದು ನಾನು ಬೋರ್ಡಿನ ಮುಂದೆ ನಿಂತವಳ ಹಾಗೆ ವಿವರಿಸಿದೆ. ಮಂಡಿಯವರು ತಾಳ್ಮೆಯಿಂದ ಕೇಳಿದರು. ಆಮೇಲೆ ತೊಡೆ ತಟ್ಟಿಕೊಂಡರು.

“ಬುಡಿ ಮೇಡಂ! ನಿಮ್ ಯಜಮಾನ್ರು ನಿಮ್ಗೆ ಸೋದ್ರಮಾವನೇ ಅಲ್ವಾ? ಏನಾಗೈತೆ ಈಗ?”

“ಏನಾಗಿದೆಯೋ ಅದಕ್ಕೇ ಹೇಳ್ತಾ ಇದೀನಿ,” ಎಂದೆ.

ಥಟ್ಟನೆ ಬಂದ ಉತ್ತರ. ನನಗೇ ಅದರ ಹರಿತ ಇಷ್ಟವಾಯಿತು. ತಿರುಗಿ ನೋಡಿದರೆ ನನ್ನ ಗಂಡ ಕಾಫಿಯ ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಿಸದವರಂತೆ ಬಂದು ಲೋಟಗಳನ್ನು ಇಟ್ಟು ಒಳಗೆ ಹೋದರು.

ಇದನ್ನು ಇಲ್ಲಿ ಹೇಳಲೇಬೇಕು. ನನ್ನ ಗಂಡ ನನ್ನ ತಾಯಿಯ ಕೊನೆಯ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ ಮನೆಯಲ್ಲಿ ಆಡಿಕೊಂಡ ಮಾತು ಅದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸಿದವರು, ಡಿಗ್ರಿ ಮುಗಿಸಿದ ವರ್ಷ ತಾಳಿ ಕಟ್ಟಿದರು. ನಾನು ‘ಮಾವ’ ಎಂದೇ ಕರೆಯುತ್ತಿದ್ದೆ, ಮದುವೆಯಾದ ಮೇಲೂ. ನಮಗೊಂದು ಹೆಣ್ಣುಮಗು ಆಯಿತು. ಹೃದಯದಲ್ಲಿ ತೂತು. ಹನ್ನೊಂದು ತಿಂಗಳು ಬದುಕಿತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು ಕಾಗದದಿಂದ ತಲೆಯೆತ್ತಿ, “ಸಂಬಂಧದಲ್ಲೇ ಮದುವೆಯಾ?” ಎಂದು ಕೇಳಿದರು. ಆಗ ನಾನು ಉತ್ತರ ಕೊಡದೆ ಗೋಡೆ ನೋಡಿದೆ. ನನ್ನ ಗಂಡ ನನ್ನನ್ನು ನೋಡಿ, ಹೌದು, ನಾನೇ ಸೋದರಮಾವ ಎಂದರು. ಆ ಮೇಲೆ ನಾನು ಅವರನ್ನು ‘ಮಾವ’ ಎಂದು ಕರೆಯಲಿಲ್ಲ, ಎಲ್ಲ ಹೆಂಗಸರ ಹಾಗೆ ‘ರೀ’ ಎಂದೆ. ಇಬ್ಬರೂ ಇನ್ನೊಂದು ಮಗುವಿನ ಮಾತೆತ್ತಲಿಲ್ಲ. ಇದೆಲ್ಲ ಆಗಿ ಮೂವತ್ತು ವರ್ಷ ಕಳೆದುಹೋಗಿತ್ತು.

ಮಂಡಿಯವರಿಗೆ ಕೊಟ್ಟ ಆ ಉತ್ತರವನ್ನು ನಾನು ಎಷ್ಟು ಜನಕ್ಕೆ ಹೇಳಿಕೊಂಡು ನಕ್ಕೆನೋ. ಪಶುವೈದ್ಯೆಗೆ ಹೇಳಿದೆ, ಪಕ್ಕದ ಮನೆಯಾಕೆಗೆ ಹೇಳಿದೆ, ಫೋನಿನಲ್ಲಿ ನನ್ನ ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ. ಗೇಟಿನ ಹತ್ತಿರ ಯಾರಾದರೂ ಗಂಡಿನ ವಿಚಾರ ಎತ್ತಿದರೆ ಸಾಕು, ಸೋದರಮಾವನಿಗೆ ಕೊಟ್ಟರೆ ಎಂಥವು ಹುಟ್ಟುತ್ತವೆ ಅಂತ ಕಣ್ಣು, ಕಿವಿ, ಹೃದಯ, ಅಂಗುಳ ಒಂದೊಂದನ್ನೇ ಬೆರಳು ಮಡಿಸಿ ಹೇಳುತ್ತಿದ್ದೆ. ನನ್ನ ಗಂಡ ಅಲ್ಲೇ ವರಾಂಡದಲ್ಲಿ ಪೇಪರು ಓದುತ್ತಾ ಕೂತಿರುತ್ತಿದ್ದರು. ಊರ ಮಂದಿಯ ದಡ್ಡತನದ ಮೇಲೆ ನನಗೆ ಅಷ್ಟು ಗಮನ.

ಎರಡನೆಯ ಗಂಡು ಕುಣಿಗಲ್‌ನಲ್ಲಿತ್ತು. ಅದರ ಯಜಮಾನರು ಕುದುರೆ ಸಾಕುವ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಹಿರಿಯರು. ಇಡೀ ಪ್ರಸಂಗದಲ್ಲಿ ನಾನು ಬಾಯಿ ಮುಚ್ಚಿಕೊಂಡು ಮಾತು ಕೇಳಿದ್ದು ಅವರೊಬ್ಬರದೇ. ಅವರ ನಾಯಿ ಗೋಧಿ ಬಣ್ಣದ್ದು, ಕೂಸಿನ ಹಾಗೇ. ಅದರ ಅಪ್ಪ, ಅಜ್ಜ, ಅಜ್ಜಿ, ಮುತ್ತಜ್ಜಿ ಎಲ್ಲರ ಬಣ್ಣ, ಗುಣ, ಸತ್ತ ಕಾರಣ ಎಲ್ಲ ಬಾಯಲ್ಲಿತ್ತು. ಆ ಸಾಲಿನಲ್ಲಿ ಕರಿಯದು ಒಂದೂ ಇರಲಿಲ್ಲ. “ಕುದುರೆಯಾಗ್ಲಿ ನಾಯಿಯಾಗ್ಲಿ, ಒಂದೇ ಮನೇಲಿ ಕೊಟ್ಟು ತಂದು ಮಾಡ್ಬಾರ್ದು ಕಣವ್ವ. ಒಂದ್ ಸಲ ಚೆಂದಾಗ್ ಹುಟ್ತವೆ, ಎರಡ್ ಸಲ ಹುಟ್ತವೆ, ಆಮೇಲೆ ತೋರುಸ್ತವೆ,” ಎಂದರು. ನನ್ನ ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಅವರು ಬೀಡಿ ಹಚ್ಚಿಕೊಳ್ಳುವಷ್ಟರಲ್ಲಿ ಮುಗಿಸಿದರು.

ಕೂಸು ಬೆದೆಗೆ ಬಂತು. ನಾನು ದಿನ ಎಣಿಸಿದೆ. ಗಂಡಿನ ಹತ್ತಿರ ಕರೆದೊಯ್ಯಲು ಇನ್ನೂ ನಾಲ್ಕು ದಿನ ಇದೆ ಎಂದು ತೀರ್ಮಾನಿಸಿ, ಮೈಸೂರಿನಲ್ಲಿ ಸಹೋದ್ಯೋಗಿಯ ಮಗಳ ಮದುವೆಗೆ ಹೋದೆ. ಎರಡು ದಿನ. ಹೋಗುವ ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಪಶುವೈದ್ಯೆ ಹೇಳಿದ್ದರು. ನನಗೆ ಗೊತ್ತಿಲ್ಲದ್ದಾ ಎಂದುಕೊಂಡೆ. ಎಲ್ಲರನ್ನೂ ದಡ್ಡರೆಂದು ಜರಿದವಳು ಮಾಡಿದ ದಡ್ಡತನ ಇದು. ಕೂಸು ನನ್ನ ಲೆಕ್ಕಕ್ಕಿಂತ ಮುಂದಿದ್ದಳು. ಗೇಟಿಗೆ ಬೀಗ ಹಾಕಿರಿ, ಯಾವ ನಾಯಿಯನ್ನೂ ಒಳಗೆ ಬಿಡಬೇಡಿ ಎಂದು ಗಂಡನಿಗೆ ಹೇಳಿ ಹೊರಟೆ. ಅವರು ಆಯ್ತು ಎಂದರು.

ವಾಪಸು ಬಂದ ಮರುದಿನ ಕೂಸಿನ ನಡವಳಿಕೆ ನೋಡಿ, ಅರೆ, ದಿನ ಬಂದೇಬಿಟ್ಟಿದೆಯಲ್ಲ ಎಂದು ಆಟೋ ಮಾಡಿಕೊಂಡು ಕುಣಿಗಲ್‌ಗೆ ಓಡಿದೆ. ಕೆಲಸವಾಯಿತು. ಆದರೆ ಹಿರಿಯರು ಗಡ್ಡ ಕೆರೆದುಕೊಂಡು, “ಯಾಕೋ ಇವ್ಳು ಮೊದಲ್ನೇ ಸಲದೋಳ್ ತರ ಕಾಣಲ್ಲವ್ವ. ಗಾಬ್ರಿನೇ ಇಲ್ಲ,” ಎಂದರು. “ನಮ್ಮ ಕೂಸು ಧೈರ್ಯಸ್ಥೆ,” ಎಂದೆ ನಾನು, ಹೆಮ್ಮೆಯಿಂದ.

ತಿಂಗಳ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಐದು ಮರಿಗಳ ಹೃದಯ ಮಿಡಿಯುವುದು ಕಂಡಿತು. ನನ್ನ ಗಂಡ ಇಲ್ಲೇ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಜೀವ ಸವೆಸಿದವರು. ಅಳತೆ ಬಿಟ್ಟು ಒಂದು ಮೊಳೆ ಹೊಡೆಯುವವರಲ್ಲ. ಹೆರಿಗೆಗೆಂದು ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ ಮಾಡಿದರು. ಒಳಗೋಡೆಯಿಂದ ಒಂದು ಗೇಣು ಬಿಟ್ಟು ಸುತ್ತಲೂ ಪೈಪು ಕೂರಿಸಿದರು. ತಾಯಿ ಗೋಡೆಗೆ ಒರಗಿ ಮಲಗಿದರೆ ಮರಿ ಅವಳ ಬೆನ್ನಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಬಾರದು, ಪೈಪಿನ ಹಿಂದೆ ಜಾಗ ಇರಬೇಕು. ಆ ಪೈಪಿನ ತುದಿಗಳನ್ನು ಮರಳು ಕಾಗದದಿಂದ ಮೂರು ದಿನ ಉಜ್ಜಿದರು. ಸಾಕು ಬಿಡ್ರೀ ಎಂದರೆ, ಇನ್ನೂ ಸ್ವಲ್ಪ ಚುಚ್ಚುತ್ತದೆ ಕಣೇ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಕೂಸು ಹೆರಲು ಶುರು ಮಾಡಿದಳು. ಸಂಜೆಯ ಕಾಫಿಯ ಹೊತ್ತಿಗೆ ಐದೂ ಬಂದವು. ಮೊದಲನೆಯದು ಗೋಧಿ ಬಣ್ಣ. ಎರಡನೆಯದು ಗೋಧಿ. ಮೂರನೆಯದು ಕರಿಯದು. ನಾನು ಟವೆಲ್ಲಿನಲ್ಲಿ ಒರೆಸುತ್ತಾ ಇದ್ದವಳು ಕೈ ನಿಲ್ಲಿಸಿದೆ. ನಾಲ್ಕನೆಯದು ಮತ್ತೆ ಗೋಧಿ. ಐದನೆಯದು ಎಲ್ಲಕ್ಕಿಂತ ಸಣ್ಣದು, ಅದೂ ಕರಿಯದು. ಪ್ರತಿ ಮರಿಯ ಬಾಯಲ್ಲೂ ಕಿರುಬೆರಳು ಇಟ್ಟು ಅಂಗುಳ ಮುಟ್ಟಿ ನೋಡಬೇಕೆಂದು ಪಶುವೈದ್ಯೆ ಹೇಳಿಕೊಟ್ಟಿದ್ದರು. ಐದನೆಯದರ ಬಾಯಲ್ಲಿ ನನ್ನ ಬೆರಳಿಗೆ ಮೇಲ್ಭಾಗ ಸಿಗಲಿಲ್ಲ. ಸೀಳು. ಕುಡಿದ ಹಾಲು ಮೂಗಿನಿಂದ ಬರುವಂಥದ್ದು.

“ಕರೀದು ಎಲ್ಲಿಂದ ಬಂತು?” ಎಂದೆ. ಕೂಸನ್ನು ಕೇಳಿದ್ದಲ್ಲ.

ನನ್ನ ಗಂಡ ಬಿಸಿನೀರಿನ ಪಾತ್ರೆ ಕೆಳಗಿಟ್ಟರು. “ನೀನು ಮೈಸೂರ್ಗೆ ಹೋದಾಗ ಮಂಡಿಯವ್ರು ಕರ್ಕಂಡ್ ಬಂದಿದ್ರು. ನಾನೇ ಫೋನ್ ಮಾಡಿದ್ದೆ.”

ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟುವುದು ನಾಯಿಗಳಲ್ಲಿ ನಡೆಯುವ ಸಂಗತಿ. ಇದೂ ನಾನು ಪಾಠ ಮಾಡಿದ ವಿಷಯವೇ. ಸೀಳು ಅಂಗುಳ ಹೊರಗಿನ ಸಂಬಂಧದ ಮರಿಗೂ ಬರಬಹುದು, ಒಂದು ಮರಿಯಿಂದ ಏನೂ ಸಾಬೀತಾಗುವುದಿಲ್ಲ, ಅದೂ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಿದ್ದು ಬೇರೆ.

“ಒಂದು ಸಾಲಲಿಲ್ವಾ ನಿಮಗೆ?” ಎಂದೆ.

ಅವರು ಈ ಸಲ ಗೋಡೆ ನೋಡಿದರು.

ಸಣ್ಣದನ್ನು ನೋವಿಲ್ಲದೆ ಮಲಗಿಸಿಬಿಡಬಹುದು, ಇಲ್ಲವೇ ನಳಿಕೆಯಿಂದ ಹಾಲು ಹಾಕುತ್ತಾ ಹೋಗಿ ದೊಡ್ಡದಾದ ಮೇಲೆ ಆಪರೇಷನ್ ಮಾಡಬಹುದು, ಉಳಿಯುವ ಭರವಸೆ ಕಡಿಮೆ ಎಂದರು ಪಶುವೈದ್ಯೆ. ಮಲಗಿಸುವುದೇ ಸರಿ ಎಂದೆ ನಾನು. “ನಾನ್ ನೋಡ್ಕೋತೀನಿ,” ಎಂದರು ನನ್ನ ಗಂಡ. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನ ತನಕ ನಳಿಕೆ ಹಿಡಿದು ಅಳೆದು, ಅಲ್ಲಿಗೆ ಗುರುತು ಹಾಕಿ, ಆ ಗುರುತಿನವರೆಗೆ ಮಾತ್ರ ಒಳಗೆ ಬಿಡಬೇಕು. ಸ್ವಲ್ಪ ತಪ್ಪಿದರೂ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ವೈದ್ಯೆ ಒಮ್ಮೆ ತೋರಿಸಿದ್ದನ್ನು ಅವರು ಒಂದೇ ಸಲಕ್ಕೆ ಕಲಿತರು. ಎರಡು ಗಂಟೆಗೊಮ್ಮೆ, ಹಸುವಿನ ಹಾಲಲ್ಲ, ಮರಿಗಳಿಗೆಂದೇ ಸಿಗುವ ಪುಡಿಯ ಹಾಲು, ಮೈಯಷ್ಟೇ ಬೆಚ್ಚಗೆ. ಮರಿ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದಂತೆ ಗುರುತನ್ನು ಹೊಸದಾಗಿ ಅಳೆದು ಹಾಕುತ್ತಿದ್ದರು.

ನನ್ನ ಕೆಲಸ ತೂಕ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ಐದನ್ನೂ ತೂಗಿ ಪುಸ್ತಕದಲ್ಲಿ ಬರೆಯದೆ ಒಂದು ಮರಿಯನ್ನೂ ಯಾರೂ ಮುಟ್ಟಕೂಡದು. ಮೊದಲ ಎರಡು ವಾರದಲ್ಲಿ ಮರಿ ಹೇಗಿದೆ ಎಂದು ಹೇಳುವುದು ತಕ್ಕಡಿ, ಕಣ್ಣಲ್ಲ. ತೂಕ ನಿಂತರೆ ಮರಿ ಹೋಗುತ್ತಿದೆ ಎಂದರ್ಥ. ಗಂಡನಿಗೂ ಈ ನಿಯಮದಿಂದ ವಿನಾಯಿತಿ ಇರಲಿಲ್ಲ. ನಾನು ಬರೆದು ಮುಗಿಸುವ ತನಕ ಅವರು ನಳಿಕೆ ಹಿಡಿದುಕೊಂಡು ಕಾಯುತ್ತಿದ್ದರು.

ಈ ನಡುವೆ ಬಾಣಂತಿ ನೋಡಲು ಬರುವವರ ಕಾಟ. ಪಕ್ಕದ ಮನೆಯಾಕೆ ಬೆಳ್ಳುಳ್ಳಿ, ಶುಂಠಿ, ತುಪ್ಪ ಹಾಕಿ ಬಾಣಂತಿ ಖಾರ ಕುಟ್ಟಿಕೊಂಡು ಬಂದರು. ನಾಯಿಗೆ ಬೆಳ್ಳುಳ್ಳಿ ವಿಷ ಎಂದರೆ, “ನಾವೆಲ್ಲ ತಿಂದೇ ತಾನೆ ಎದ್ದಿರೋದು?” ಎಂದರು. ಆಕೆ ಆಚೆ ಹೋದ ಮೇಲೆ ಅದನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದೆ. ನೀರು ಜಾಸ್ತಿ ಕೊಟ್ಟರೆ ಕೂಸಿಗೆ ಹೊಟ್ಟೆ ಬರುತ್ತದೆ, ಕಮ್ಮಿ ಮಾಡಿ ಎಂದರು ಇನ್ನೊಬ್ಬರು. ನಾಲ್ಕು ಮರಿಗೆ ಹಾಲೂಡುವ ತಾಯಿಗೆ ನೀರು ಕಮ್ಮಿ ಮಾಡಬೇಕಂತೆ, ಸೊಂಟದ ಅಂದಕ್ಕೆ! ಬೀದಿಯ ಚಪ್ಪಲಿಯಲ್ಲೇ ಪೆಟ್ಟಿಗೆಯ ತನಕ ನುಗ್ಗುವವರಿಗೆ, ಅಂಗಾಲಿನಲ್ಲಿ ರೋಗ ತರುತ್ತೀರಿ, ಅಲ್ಲೇ ಬಿಡಿ ಎಂದು ಕೂಗಿ ನನ್ನ ಗಂಟಲು ಬಿದ್ದುಹೋಯಿತು.

ಎಂಟನೆಯ ದಿನ ಮಂಡಿಯವರೇ ಬಂದರು. ಗಂಡಿನ ಯಜಮಾನನಿಗೆ ಮೊದಲು ಆರಿಸಿಕೊಂಡ ಮರಿ ಕೊಡುವುದು ವಾಡಿಕೆ. ಕಣ್ಣೇ ಬಿಡದ ಮರಿಗಳ ಮುಂದೆ ಸಂತೆಯಲ್ಲಿ ಕೂತ ಹಾಗೆ ಕುಕ್ಕರಗಾಲಲ್ಲಿ ಕೂತು, “ನೋಡಿ ಮೇಡಂ, ನಮ್ಮವ್ನ್ ತರಾನೇ! ನಾನ್ ಹೇಳ್ಲಿಲ್ವಾ ವರಸೆ ಸರಿಯಾಗೈತೆ ಅಂತ?” ಎಂದು ದಪ್ಪ ಕರಿ ಮರಿಯತ್ತ ಕೈ ಚಾಚಿದರು. ಆಮೇಲೆ ನನ್ನ ಗಂಡನ ಮಡಿಲಿನಲ್ಲಿ ನಳಿಕೆ ಕಚ್ಚಿಕೊಂಡಿದ್ದ ಸಣ್ಣದನ್ನು ಕಂಡರು. “ಅದ್ಯಾಕ್ ಸ್ವಾಮಿ ಅದನ್ನ ಇಟ್ಕಂಡ್ ಒದ್ದಾಡ್ತೀರಿ? ಬುಡಿ ಅತ್ಲಾಗೆ. ಗಟ್ಟಿ ಇರೋದ್ ಒಂದೈತಲ್ಲ.”

ನಾನು ಬಾಯಿ ತೆರೆಯುವುದರೊಳಗೆ ನನ್ನ ಗಂಡ ಮಾತಾಡಿದರು. ನಲವತ್ತು ವರ್ಷದಲ್ಲಿ ಅವರು ಯಾರ ಮೇಲೂ ದನಿ ಎತ್ತಿದ್ದು ನಾನು ಕೇಳಿರಲಿಲ್ಲ. “ಎರಡೂ ಕೊಡಲ್ಲ. ಎದ್ದೇಳ್ರಿ ಮೇಲೆ.”

ಮಂಡಿಯವರು ಮುಖ ಸಿಂಡರಿಸಿಕೊಂಡು ಹೋದರು. ಗೇಟು ಹಾಕಿಕೊಂಡ ಸದ್ದಾದ ಮೇಲೆ, ನಳಿಕೆಯನ್ನು ಮೆಲ್ಲಗೆ ಹೊರಗೆ ಎಳೆಯುತ್ತಾ, ಮರಿಯ ಕಡೆಗೇ ನೋಡುತ್ತಾ ಅವರು ಹೇಳಿದರು: “ನೀನು ದಿನಾ ಬೆರಳು ಮಡಿಸಿ ಹೇಳ್ತಿದ್ಯಲ್ಲ, ಏನೇನ್ ಹುಟ್ತದೆ ಅಂತ. ಒಂದ್ಸಲನಾದ್ರೂ ಸರಿಯಾಗ್ ಹುಟ್ಲಿ, ನನ್ ಕಣ್ಣಾರೆ ನೋಡ್ಬೇಕು ಅಂತ ಇತ್ತು ಕಣೇ. ಒಂದೇ ಸಲ.”

ನನಗೆ ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಉಳಿದ ಮರಿಗಳು ಏನಾದವು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ವಾರ ತುಂಬುವ ಹೊತ್ತಿಗೆ ಕಣ್ಣು ಬಿಟ್ಟವು, ಜಂತುಹುಳುವಿನ ಮದ್ದು ಕುಡಿದವು, ನಾಲ್ಕನೆಯ ವಾರದಲ್ಲಿ ರಾಗಿ ಗಂಜಿಗೆ ಮಾಂಸದ ಸಾರು ಬೆರೆಸಿದ್ದನ್ನು ತಟ್ಟೆಯೊಳಗೇ ನಿಂತು ನೆಕ್ಕಿದವು. ಮಿಕ್ಸಿಯ ಸದ್ದು, ಕುಕ್ಕರಿನ ಕೂಗು, ಛತ್ರಿ ಬಿಚ್ಚುವುದು, ಹೆದ್ದಾರಿಯ ಲಾರಿ, ಗಡ್ಡದವರು, ಕೋಲು ಹಿಡಿದವರು ಎಲ್ಲವನ್ನೂ ಒಂದೊಂದಾಗಿ ಅವುಗಳಿಗೆ ಪರಿಚಯ ಮಾಡಿಸಿದೆವು. ಈ ವಯಸ್ಸಿನಲ್ಲಿ ಕಾಣದ್ದಕ್ಕೆ ನಾಯಿ ಜೀವಮಾನವಿಡೀ ಹೆದರುತ್ತದೆ. ಮೂವತ್ತನೆಯ ದಿನಕ್ಕೇ ಕೊಡಿ, ಆಗಲೇ ಒಗ್ಗಿಕೊಳ್ಳುವುದು ಎಂದು ಬಂದವರನ್ನೆಲ್ಲ ಗೇಟಿನಿಂದಲೇ ಅಟ್ಟಿದೆ. ಫಾರಂಹೌಸಿನಲ್ಲಿ ಕಟ್ಟಿಹಾಕಲು ಕೇಳಿದವರೊಬ್ಬರಿಗೆ, ಓಡುವ ನಾಯಿಯನ್ನು ಕಟ್ಟುವ ಬದಲು ಗೂಟವನ್ನೇ ಸಾಕಿ, ಊಟದ ಖರ್ಚೂ ಇಲ್ಲ ಎಂದೆ. ಒಂಬತ್ತು ವಾರ ತುಂಬಿದ ಮೇಲೆ, ಮನೆ, ಕಾಂಪೌಂಡು, ಮನೆಯವರ ಬುದ್ಧಿ ಎಲ್ಲ ನೋಡಿ ಮೂರು ಗೋಧಿ ಮರಿಗಳನ್ನು ಕೊಟ್ಟೆವು. ಒಂದು ಕುಣಿಗಲ್ ಹಿರಿಯರಿಗೇ ಹೋಯಿತು. ದಪ್ಪ ಕರಿಯದು ನಮ್ಮಲ್ಲೇ ಉಳಿಯಿತು. ಅದರಿಂದ ಸಂತಾನ ಬೆಳೆಸುವುದಿಲ್ಲ, ಆಪರೇಷನ್ ಆಗಿದೆ. ಅದಕ್ಕೂ ಜೋಡಿ ನೋಡುತ್ತೀರಾ ಎಂದು ಕೇಳುವ ಪುಣ್ಯಾತ್ಮರು ಈಗಲೂ ಬರುತ್ತಾರೆ.

ಒಂಬತ್ತನೆಯ ದಿನಕ್ಕೆ ಬರುತ್ತೇನೆ. ಮುಂದೂಡಿದ್ದು ಸಾಕು.

ಬೆಳಿಗ್ಗೆ ನಾನು ನಡುಮನೆಗೆ ಬರುವಾಗ ಅವರು ಪೆಟ್ಟಿಗೆ ಪಕ್ಕದ ಚಾಪೆಯ ಮೇಲೆ ಆಗಲೇ ಕೂತಿದ್ದರು. ಸಣ್ಣದು ಅವರ ಅಂಗೈಯಲ್ಲಿತ್ತು. ತಕ್ಕಡಿ ಇಡುವುದಕ್ಕೆ ಮುಂಚೆ ಯಾಕೆ ಮುಟ್ಟಿದಿರಿ ಎಂದು ಕೇಳಲು ಬಾಯಿ ತೆರೆದವಳು ನಿಂತೆ. ಮರಿಯ ಹೊಟ್ಟೆ ಆಡುತ್ತಿರಲಿಲ್ಲ. ಅವರು ಇನ್ನೂ ಹೆಬ್ಬೆರಳಿನಿಂದ ಅದರ ಎದೆ ಸವರುತ್ತಿದ್ದರು. ಪಕ್ಕದಲ್ಲಿ ಹೊಸ ಗುರುತು ಹಾಕಿದ ನಳಿಕೆ ಇತ್ತು.

“ಇದೂ ನನ್ನಿಂದಾನಾ?” ಎಂದು ಕೇಳಿದರು.

ಅವರ ಎದುರು ಕೂತೆ. ಒಂದು ಮರಿಯಿಂದ ಏನೂ ಹೇಳಲು ಬರುವುದಿಲ್ಲ, ಹೊರಗಿನ ಸಂಬಂಧದಲ್ಲೂ ಹೀಗಾಗುತ್ತದೆ, ಆ ಇನ್ನೊಂದು ಕರಿಯದೂ ಇದೇ ಅಪ್ಪನದು, ಅದು ಹೇಗೆ ಗುಂಡಗಿದೆ ನೋಡಿ ಎಂದೆ. ಹೇಳಿದ್ದೆಲ್ಲ ನಿಜ.

“ಪಾಠ ಹೇಳ್ಬೇಡ ಕಣೇ,” ಎಂದರು. ಸಿಟ್ಟಿನಿಂದಲ್ಲ. ಸುಸ್ತಾಗಿದ್ದರು.

ಆಗ ನಾನು ಅತ್ತೆ. ಮಗು ಹೋದಾಗಲೂ ಅವರ ಎದುರು ಅತ್ತಿರಲಿಲ್ಲ. “ಅವತ್ತು ಡಾಕ್ಟ್ರು ಕೇಳ್ದಾಗ ನಾನು ಗೋಡೆ ನೋಡಬಾರ್ದಿತ್ತು, ಮಾವ,” ಎಂದೆ. “ನಿನ್ನೊಬ್ಬನ್ನೇ ಉತ್ತರ ಕೊಡೋಕೆ ಬಿಟ್ಟೆ. ನನ್ನಲ್ಲಿ ಇದ್ದಿದ್ದೂ ಅದೇ ರಕ್ತ ತಾನೆ?”

ಕೂಸು ಪೆಟ್ಟಿಗೆಯಿಂದ ಕತ್ತು ಚಾಚಿ ಅವರ ಅಂಗೈಯಲ್ಲಿದ್ದ ಮರಿಯನ್ನು ಎರಡು ಸಲ ನೆಕ್ಕಿ, ಉಳಿದವುಗಳ ಕಡೆಗೆ ತಿರುಗಿ ಮಲಗಿದಳು. ಅವರು ಸತ್ತ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಖಾಲಿ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಕಡೆ ಚಾಚಿದರು.

“ಆ ಇನ್ನೊಂದು ಕರೀದನ್ನ ಇತ್ಲಾಗ್ ಕೊಡು,” ಎಂದರು.

ಪೆಟ್ಟಿಗೆಯೊಳಗೆ ಕೈ ಹಾಕಿ ಎತ್ತಿದೆ. ಬೆಚ್ಚಗಿತ್ತು, ಒದ್ದಾಡುತ್ತಿತ್ತು. ತೂಕ ಹಾಕದೆಯೇ ಮಾವನ ಕೈಗೆ ಕೊಟ್ಟೆ.